ಕಲ್ಲಿನ ಮುಂದೆ ಕುಳಿತ ಮೇಷ್ಟ್ರು

ನಮ್ಮೂರಿನ ಶಾಲೆಯಲ್ಲಿ ಸೀಮೆಸುಣ್ಣದ ಚೂರುಗಳನ್ನು ಎಸೆಯುವಂತಿರಲಿಲ್ಲ. ಬೆರಳಿಗೆ ಸಿಗದಷ್ಟು ಸಣ್ಣದಾದ ತುಣುಕುಗಳನ್ನೂ ಹಲಗೆಯ ಕೆಳಗಿದ್ದ ತಗಡಿನ ಡಬ್ಬಿಗೆ ಹಾಕಬೇಕಿತ್ತು. ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಆ ಡಬ್ಬಿಯನ್ನು ಬಗಲಚೀಲಕ್ಕೆ ಸೇರಿಸಿಕೊಂಡು, ತೆಂಗಿನ ನಾರಿನ ಒಂದು ಹಿಡಿ, ಒಂದು ತಂಬಿಗೆ, ಒಂದು ನೋಟುಬುಕ್ಕು ಹಿಡಿದು ಕೆರೆಯೇರಿಯ ಕಡೆಗೆ ಹೊರಡುತ್ತಿದ್ದರು. ಮನೆಯಲ್ಲಿ ಕರೆಯುವವರಿಲ್ಲದ ನಾವು ನಾಲ್ಕೈದು ಮಕ್ಕಳು ಅವರ ಹಿಂದೆ ಹೋಗುತ್ತಿದ್ದೆವು. ನಾನು ಮೂರನೆಯ ತರಗತಿಯಲ್ಲಿದ್ದಾಗ, ಅಂದರೆ 1979ರಲ್ಲಿ, ಅವರೊಂದಿಗೆ ಮೊದಲ ಸಲ ಹೋದದ್ದು ನೆನಪಿದೆ.

ಏರಿಯ ಕೊನೆಯಲ್ಲಿ, ಕಾನು ಶುರುವಾಗುವ ಕಡೆ, ಎದೆಯೆತ್ತರದ ಒಂದು ಕಲ್ಲು ನಿಂತಿತ್ತು. ಸೊರಬ ಸೀಮೆಯವರಿಗೆ ವೀರಗಲ್ಲು ಹೊಸತಲ್ಲ. ದೇವಸ್ಥಾನದ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ, ಕೆಲವೊಮ್ಮೆ ಹಳ್ಳಕ್ಕೆ ಹಾಸಿದ ಸಂಕದಲ್ಲಿಯೂ ಅವು ಸಿಗುತ್ತವೆ. ನಾವು ಅದಕ್ಕೆ ಬೆನ್ನು ತಾಗಿಸಿ ಕುಳಿತು ಪೇರಳೆಹಣ್ಣು ತಿಂದವರು. ಮೇಷ್ಟ್ರು ಮಾತ್ರ ಅದರ ಮುಂದೆ ಕುಳಿತುಕೊಳ್ಳುತ್ತಿದ್ದರು. ಮೊದಲು ಕೆರೆಯ ನೀರು ತಂದು ನಾರಿನಿಂದ ಪಾಚಿಯನ್ನು ಮೆಲ್ಲಗೆ ಉಜ್ಜಿ ತೆಗೆಯಬೇಕು. ಕತ್ತಿಯ ಮೊನೆಯಾಗಲಿ ಕಬ್ಬಿಣದ ಬ್ರಷ್ಷಾಗಲಿ ಕಲ್ಲನ್ನು ಮುಟ್ಟಬಾರದು. ತೊಳೆದ ಕಲ್ಲು ಆರುವ ಹೊತ್ತಿಗೆ ಬಿಸಿಲು ವಾಲಿರುತ್ತಿತ್ತು. ಆಮೇಲೆ ಡಬ್ಬಿಯಿಂದ ಒಂದು ಚೂರು ತೆಗೆದು, ಮೊನೆಯಿಂದಲ್ಲ, ಮಗ್ಗುಲಿನಿಂದ ಕಲ್ಲಿನ ಮೈಮೇಲೆ ಸವರುತ್ತ ಹೋಗುತ್ತಿದ್ದರು. ಕಲ್ಲಿನ ಮೈ ಬೆಳ್ಳಗಾಗುತ್ತಿತ್ತು, ಕೊರೆದ ಅಕ್ಷರದ ತಗ್ಗು ಮಾತ್ರ ಕಪ್ಪಾಗಿ ಉಳಿಯುತ್ತಿತ್ತು. ಶಾಲೆಯ ಹಲಗೆಯಲ್ಲಿ ಕಪ್ಪಿನ ಮೇಲೆ ಬಿಳಿಯ ಅಕ್ಷರ, ಇಲ್ಲಿ ಬಿಳಿಯ ಮೇಲೆ ಕಪ್ಪು. ಏನೂ ಇಲ್ಲದಿದ್ದ ಕಲ್ಲಿನ ಮೇಲೆ ಸಾಲು ಸಾಲಾಗಿ ಬರಹ ಎದ್ದು ಬರುವುದನ್ನು ಎಂಟನೆಯ ವಯಸ್ಸಿನಲ್ಲಿ ನೋಡಿದವನಿಗೆ ಅದು ಮರೆಯುವ ಸಂಗತಿಯಲ್ಲ.

‘ಏನಂತ ಬರೆದಿದೆ ಸಾರ್?’ ಎಂದು ನಮ್ಮಲ್ಲೊಬ್ಬರು ಕೇಳಿದರು. ಮೇಷ್ಟ್ರು ಬಹಳ ಹೊತ್ತು ನೋಡಿ, ‘ನನಗೂ ಬರುವುದಿಲ್ಲ. ಕಲಿಯುತ್ತಾ ಇದ್ದೇನೆ’ ಎಂದರು.

ಈ ಬರಹವನ್ನು ನಾನು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ನಮ್ಮೂರಿನಲ್ಲಿ ಆಗ ಮೇಷ್ಟ್ರು ಎಂದರೆ ಗೊತ್ತಿರುವವರು. ಅರ್ಜಿ ಬರೆಯಲು, ಪಹಣಿ ಓದಲು, ಮದುವೆಯ ಕಾಗದದ ಒಕ್ಕಣೆ ತಿದ್ದಲು ಜನ ಅವರ ಜಗಲಿಗೆ ಬರುತ್ತಿದ್ದರು. ಅಂಥವರು ಮೂರನೆಯ ತರಗತಿಯ ಮಕ್ಕಳೆದುರು ಯಾವ ಸಂಕೋಚವೂ ಇಲ್ಲದೆ ತಮಗೆ ಬರುವುದಿಲ್ಲ ಎಂದು ಹೇಳಿ, ಅಷ್ಟಕ್ಕೇ ನಿಲ್ಲಿಸದೆ, ನಮ್ಮ ಕಣ್ಣೆದುರಿಗೇ ಕಲಿಯಲು ಕುಳಿತರು. ಮುಂದೆ ನನಗೆ ಒಳ್ಳೆಯ ಅಧ್ಯಾಪಕರು ಅನೇಕರು ಸಿಕ್ಕಿದರು, ಅವರೆಲ್ಲ ಕಲಿತು ಮುಗಿಸಿ ಬಂದು ಕಲಿಸಿದವರು. ಕಲಿಯುವುದು ಹೇಗಿರುತ್ತದೆ, ಅದರಲ್ಲಿ ಎಷ್ಟು ಸಲ ಅಳಿಸಬೇಕಾಗುತ್ತದೆ, ಎಷ್ಟು ದಿನ ಏನೂ ಹೊಳೆಯದೆ ಸುಮ್ಮನೆ ಕುಳಿತಿರಬೇಕಾಗುತ್ತದೆ ಎಂಬುದನ್ನು ತೋರಿಸಿದವರು ಇವರೊಬ್ಬರೇ.

ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಎಂಟನೆಯ ಸಂಪುಟದಲ್ಲಿ 1904ರಲ್ಲಿಯೇ ಪ್ರಕಟಿಸಿದ್ದರು. ಶಿಕಾರಿಪುರ, ಶಿವಮೊಗ್ಗದ ಕಡೆಯವು ಅದಕ್ಕೆ ಎರಡು ವರ್ಷ ಮೊದಲು ಬಂದ ಏಳನೆಯ ಸಂಪುಟದಲ್ಲಿವೆ. ಮೇಷ್ಟ್ರು ಶಿವಮೊಗ್ಗೆಯ ಒಂದು ಗ್ರಂಥಾಲಯದಲ್ಲಿ ಎಂಟನೆಯ ಸಂಪುಟವನ್ನು ಕಂಡರು. ಅದನ್ನು ಮನೆಗೆ ಕೊಡುತ್ತಿರಲಿಲ್ಲ, ಪ್ರತಿ ಮಾಡಿಸುವ ಯಂತ್ರವೂ ಆಗ ಇರಲಿಲ್ಲ. ಆದ್ದರಿಂದ ದಸರೆಯ ರಜೆ, ಬೇಸಿಗೆಯ ರಜೆಗಳಲ್ಲಿ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಸಂಜೆಯವರೆಗೆ ಕುಳಿತು, ಸೊರಬದ ಭಾಗವನ್ನು ಸ್ವಲ್ಪ ಸ್ವಲ್ಪವೇ ಕೈಯಿಂದ ನಕಲು ಮಾಡಿಕೊಂಡರು. ಎಡಪುಟದಲ್ಲಿ ಶಾಸನದ ಕನ್ನಡ ಪಾಠ, ಬಲಪುಟದಲ್ಲಿ ರೈಸ್ ಮಾಡಿದ ಇಂಗ್ಲಿಷ್ ಅನುವಾದ. ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಮುಗಿಸಿ ಬಂದ ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ ಇತ್ತು. ಬಲಪುಟವನ್ನು ಎಡಪುಟದ ಸಹಾಯದಿಂದ ಓದುತ್ತ ಇಂಗ್ಲಿಷನ್ನೂ, ಎಡಪುಟವನ್ನು ಬಲಪುಟದ ಸಹಾಯದಿಂದ ಓದುತ್ತ ಹಳಗನ್ನಡವನ್ನೂ ಒಟ್ಟಿಗೇ ಕಲಿತರು. ನಮಗೆ ಐದನೆಯ ತರಗತಿಯಲ್ಲಿ ಇಂಗ್ಲಿಷ್ ಕಲಿಸಿದವರೂ ಅವರೇ. ಹಸು, ಯುದ್ಧ, ಸ್ವರ್ಗ, ದಾನ, ಕೆರೆ, ತೂಬು ಇವುಗಳ ಇಂಗ್ಲಿಷ್ ಪದಗಳು ನಮಗೆ ರೈಲು, ವಿಮಾನಗಳಿಗಿಂತ ಮೊದಲು ಬಂದದ್ದು ಹೀಗೆ.

ಕಲ್ಲಿನ ಮೇಲಿನ ಚಿತ್ರವನ್ನು ಓದುವುದನ್ನು ಅವರು ಬೇಗ ಕಲಿತರು, ನಮಗೂ ಬೇಗ ಬಂತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಎಷ್ಟೋ ಕಲ್ಲುಗಳಲ್ಲಿ ಅದರ ಪಕ್ಕದಲ್ಲೇ ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕುಳಿತಿದ್ದಾನೆ. ಬಳೆ ತೊಟ್ಟ ಒಂದು ತೋಳು ಕಂಬದಿಂದ ಹೊರಟಂತೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು, ಗಂಡನೊಂದಿಗೆ ಸತ್ತ ಹೆಂಗಸಿನದು. ಅದನ್ನು ವಿವರಿಸುವಾಗ ಮೇಷ್ಟ್ರ ದನಿ ತಗ್ಗುತ್ತಿತ್ತು. ಆ ತೋಳಿನ ಬಗ್ಗೆ ಅವರು ಹೊಗಳಿಕೆಯ ಒಂದು ಮಾತನ್ನೂ ಆಡಲಿಲ್ಲ. ‘ಇವಳಿಗೆ ಎಷ್ಟು ವಯಸ್ಸಾಗಿತ್ತೋ’ ಎಂದಷ್ಟೇ ಹೇಳುತ್ತಿದ್ದರು. ಕಾಲದ ಲೆಕ್ಕವನ್ನೂ ಅಲ್ಲಿಯೇ ಮಾಡಿಸುತ್ತಿದ್ದರು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಕೈಯಲ್ಲಿ ದಶಕ ಇಟ್ಟುಕೊಂಡು ಕೂಡುವ ಲೆಕ್ಕ ನನಗೆ ಹತ್ತಿದ್ದು ಕೆರೆಯೇರಿಯ ಮೇಲೆಯೇ.

ಅಕ್ಷರ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ನಮ್ಮ ವರ್ಣಮಾಲೆಯ ಪಟದಲ್ಲಿ ಇಲ್ಲದ ಎರಡು ಅಕ್ಷರಗಳು ಅಲ್ಲಿದ್ದವು, ೞ ಮತ್ತು ಱ. ಮೂಱು, ಆಱು, ಏೞು, ನೂಱು. ಒಂದನೆಯ ತರಗತಿಯ ಮಗ್ಗಿಯಲ್ಲಿಯೇ ಒಂದು ಕಾಲದಲ್ಲಿ ಈ ಎರಡು ಅಕ್ಷರಗಳಿದ್ದವು ಎಂದು ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸಿದರು. ಮುಂದೆ ಒಂದು ರಕಾರದಲ್ಲಿ ಕರಗಿಹೋಯಿತು, ಇನ್ನೊಂದು ಹೆಚ್ಚಾಗಿ ಳಕಾರಕ್ಕೆ ಸೇರಿಹೋಯಿತು. ಬರೆಯುವುದೇನೋ ಸರಿ, ಆದರೆ ೞ ಎಂಬುದನ್ನು ಬಾಯಲ್ಲಿ ಹೇಗೆ ಹೇಳುತ್ತಿದ್ದರು? ಪುಸ್ತಕಗಳಲ್ಲಿ ನಾಲಿಗೆಯ ಸ್ಥಾನದ ವಿವರಣೆ ಇತ್ತು. ಅದನ್ನು ಓದಿ ಅವರು ಉಚ್ಚರಿಸಿದರೆ ನಮಗೆ ಕೇಳಿಸುತ್ತಿದ್ದದ್ದು ಳಕಾರವೇ.

ಆ ವರ್ಷ ನಮ್ಮ ತರಗತಿಗೆ ಒಬ್ಬ ಹುಡುಗಿ ಸೇರಿದ್ದಳು. ಅವಳ ಮನೆಯವರು ಶುಂಠಿ, ಮರಗೆಣಸು ಬೆಳೆಯಲು ಕೇರಳದಿಂದ ಬಂದು ಕಾನಿನ ಅಂಚಿನಲ್ಲಿ ನೆಲೆಸಿದವರು. ಅವಳಿಗೆ ಕನ್ನಡ ಇನ್ನೂ ಪೂರ್ತಿ ಬರುತ್ತಿರಲಿಲ್ಲ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದಳು. ಆಷಾಢದ ಒಂದು ದಿನ ಹೊರಗೆ ಮಳೆ ಹಿಡಿದಿತ್ತು, ಹಂಚಿನ ಸದ್ದಿನಲ್ಲಿ ಪಾಠ ಕೇಳುವಂತಿರಲಿಲ್ಲ. ಮೇಷ್ಟ್ರು ಪಾಠ ನಿಲ್ಲಿಸಿ, ಬಾಗಿಲ ಕಡೆ ಕೈ ತೋರಿಸಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಅವಳನ್ನು ಕೇಳಿದರು. ಬಹುಶಃ ಅವಳು ಒಂದು ಮಾತಾದರೂ ಆಡಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ‘ಮೞ’ ಎಂದಳು ಅವಳು.

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ‘ಇನ್ನೊಮ್ಮೆ ಹೇಳು ಮಗೂ’ ಎಂದರು. ಅವಳು ತಪ್ಪಾಯಿತೇನೋ ಎಂದು ಹೆದರಿ ಸುಮ್ಮನಾದಳು. ಅವರು ಅವಳ ಪಕ್ಕಕ್ಕೆ ಹೋಗಿ ಮಣೆಯ ಮೇಲೆ ಕುಳಿತು, ಹಲಗೆಯ ಮೇಲೆ ತಾವು ಬರೆದಿದ್ದ ಅಕ್ಷರವನ್ನು ತೋರಿಸಿ, ‘ಈ ಅಕ್ಷರ ನಮ್ಮ ಬಾಯಲ್ಲಿ ಕಳೆದುಹೋಗಿದೆ, ನಿನ್ನ ಬಾಯಲ್ಲಿದೆ. ನಮಗೆಲ್ಲ ಕಲಿಸು’ ಎಂದರು. ಶಾಸನದಲ್ಲಿ ಮಳೆ ‘ಮೞೆ’ಯೇ. ಅವಳು ಹೇಳಿದಳು, ಮೇಷ್ಟ್ರು ಹೇಳಿದರು. ಅವಳು ತಲೆಯಾಡಿಸಿ ಮತ್ತೆ ಹೇಳಿದಳು. ಮೂವತ್ತೊಂಬತ್ತು ವರ್ಷದ ಆ ಮನುಷ್ಯ ಎಂಟು ವರ್ಷದ ಹುಡುಗಿಯ ತುಟಿಯನ್ನೇ ನೋಡುತ್ತ, ನಾಲಿಗೆಯನ್ನು ಹಿಂದಕ್ಕೆ ಮಡಚಿ, ಅವಳು ‘ಹೂಂ’ ಎನ್ನುವವರೆಗೆ ಮತ್ತೆ ಮತ್ತೆ ಹೇಳಿ ಕಲಿತರು. ಮರುದಿನದಿಂದ ಅವಳು ಮುಂದಿನ ಸಾಲಿನಲ್ಲಿ ಕುಳಿತಳು. ಈಗ ಅವಳು ನಮ್ಮ ಜಿಲ್ಲೆಯಲ್ಲಿಯೇ ಕನ್ನಡ ಪಾಠ ಮಾಡುತ್ತಾಳೆ.

ಅವರು ನಮ್ಮನ್ನು ತಾಳಗುಂದಕ್ಕೆ, ಬಳ್ಳಿಗಾವಿಗೆ ಕರೆದುಕೊಂಡು ಹೋದದ್ದು ಐದನೆಯ ತರಗತಿಯಲ್ಲಿ. ಎರಡೂ ಶಿರಾಳಕೊಪ್ಪದ ಹತ್ತಿರವೇ ಇವೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ, ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಬರೆದ ಕವಿಯ ಹೆಸರು ಕುಬ್ಜ. ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ಅದರಲ್ಲಿದೆ, ಎಲ್ಲ ಪಠ್ಯಪುಸ್ತಕಗಳೂ ಆ ಕತ್ತಿಯ ಕಡೆಗೇ ಓಡುತ್ತವೆ. ನಮ್ಮ ಮೇಷ್ಟ್ರು ಅದಕ್ಕಿಂತ ಕೆಲವು ಪದ್ಯ ಹಿಂದೆಯೇ ನಿಂತರು. ಎಲ್ಲವನ್ನೂ ಕಲಿಯಬೇಕೆಂಬ ಆಸೆಯಿಂದ ಮಯೂರಶರ್ಮ ತನ್ನ ಗುರು ವೀರಶರ್ಮನೊಂದಿಗೆ ಪಲ್ಲವರ ಊರಿಗೆ ಹೋಗಿ ಅಲ್ಲಿಯ ಘಟಿಕೆಯನ್ನು, ಅಂದರೆ ವಿದ್ಯಾಕೇಂದ್ರವನ್ನು, ಸೇರಿದ ಎಂದು ಆ ಪದ್ಯ ಹೇಳುತ್ತದೆ. ‘ಗುರುವಿನೊಂದಿಗೆ’ ಎಂಬ ಮಾತನ್ನು ಅವರು ಎರಡು ಸಲ ಓದಿದರು. ಇಲ್ಲಿಂದ ಕಂಚಿ ಎಷ್ಟು ದೂರ, ಎಷ್ಟು ನದಿ ದಾಟಬೇಕು, ಅಷ್ಟು ದೂರ ಗುರುವೂ ಜೊತೆಗೆ ನಡೆದ ಎಂದು ಹೇಳಿ, ಆ ಕಂಬದ ಸುತ್ತ ಒಂದು ಸುತ್ತು ಬಂದರು. ಆ ದಿನ ಅವರು ಎಷ್ಟು ಸಂತೋಷದಲ್ಲಿದ್ದರೆಂದರೆ ಬುತ್ತಿ ಬಿಚ್ಚುವುದನ್ನೇ ಮರೆತಿದ್ದರು.

ಬಳ್ಳಿಗಾವಿಯಲ್ಲಿ ಅವರು ತೋರಿಸಿದ್ದು ಕೋಡಿಯಮಠದ ಜಾಗ, ಕೇದಾರೇಶ್ವರ ದೇವಾಲಯ. ಬಿಜ್ಜಳನ ಕಾಲದ 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಮಾಡಿದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನ, ಪುರಾಣ, ಕಾವ್ಯ, ನಾಟಕ ಇವೆಲ್ಲದರ ಪಾಠ ಅಲ್ಲಿತ್ತು. ಅದೇ ಪಟ್ಟಿಯಲ್ಲಿ, ಅದೇ ಉಸಿರಿನಲ್ಲಿ, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ಸಿಗುತ್ತಿತ್ತೆಂದು ಬರೆದಿದೆ. ವ್ಯಾಕರಣವನ್ನೂ ಅನ್ನವನ್ನೂ ಬೇರೆ ಬೇರೆ ಕಡೆ ಬರೆಯಬೇಕೆಂದು ಆ ಶಾಸನಕಾರನಿಗೆ ತೋರಲಿಲ್ಲ. ಮಧ್ಯಾಹ್ನದ ಊಟದ ಯೋಜನೆ ನಮ್ಮ ಶಾಲೆಗಳಿಗೆ ಬರಲು ಆಗ ಇನ್ನೂ ಇಪ್ಪತ್ತು ವರ್ಷಗಳಿದ್ದವು. ಮೇಷ್ಟ್ರ ಮನೆಯಿಂದ ದಿನವೂ ಒಂದು ಪಾತ್ರೆ ಗಂಜಿ, ಉಪ್ಪಿನಕಾಯಿ ಶಾಲೆಗೆ ಬರುತ್ತಿತ್ತು. ಅದು ಯಾರಿಗೆ ಎಂದು ಅವರೂ ಹೇಳಲಿಲ್ಲ, ಉಂಡವರೂ ಹೇಳಲಿಲ್ಲ. ಆ ಅನ್ನ ಬೇಯಿಸಿದವರು ಅವರ ಮನೆಯಾಕೆ ಎಂಬುದನ್ನು ಇಲ್ಲಿ ಬರೆಯದೆ ಹೋದರೆ ನನ್ನ ಲೆಕ್ಕ ಸರಿಯಾಗುವುದಿಲ್ಲ.

ಅವರ ನೌಕರಿಯ ಉಳಿದ ಸಂಗತಿಗಳನ್ನು ಬೇಗ ಹೇಳಬಹುದು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ., ಆಮೇಲೆ ಕನ್ನಡ ಎಂ.ಎ. ಮಾಡಿದರು, ಎಂ.ಎ. ಮುಗಿಯುವಾಗ ಅವರಿಗೆ ನಲವತ್ತಾರು ವರ್ಷ. ಕಾಲೇಜಿಗೆ ಹೋಗಬಹುದಿತ್ತು, ಹೋಗಲಿಲ್ಲ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಸರ್ಕಾರದ ಸೀಮೆಸುಣ್ಣ ಕಲ್ಲಿಗೆ ಬಳಿಯಲು ಅಲ್ಲ ಎಂದು ಪುಸ್ತಕದಲ್ಲಿ ಬರೆದು ಹೋದರು. ಅದು ಅವರಿಗೆ ಬಹಳ ನೋವು ಮಾಡಿತು. ಮರುವಾರದಿಂದ ತಮ್ಮ ದುಡ್ಡಿನಲ್ಲಿ ಒಂದು ಪೆಟ್ಟಿಗೆ ಕೊಂಡುಕೊಂಡರು, ಆದರೂ ಚೂರುಗಳ ಡಬ್ಬಿ ಅಲ್ಲಿಯೇ ಇತ್ತು. 1998ರಲ್ಲಿ ಐವತ್ತೆಂಟು ತುಂಬಿ ನಿವೃತ್ತರಾದರು.

ಕೆರೆಯೇರಿಯ ಕಲ್ಲನ್ನು ಅವರು ಕೊನೆಗೂ ಓದಿದ್ದು ನಾನು ಏಳನೆಯ ತರಗತಿಯಲ್ಲಿದ್ದಾಗ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ, ‘ತುಱುವಂ ಮಗುೞ್ಚಿ’, ಅಂದರೆ ದನಗಳನ್ನು ಮರಳಿಸಿ, ಸತ್ತವನೊಬ್ಬನ ಕಲ್ಲು ಅದು. ನಮ್ಮ ಎರಡೂ ಕಳೆದುಹೋದ ಅಕ್ಷರಗಳು ಆ ಎರಡೇ ಪದಗಳಲ್ಲಿ ಅಕ್ಕಪಕ್ಕ ಇದ್ದವು. ಸತ್ತವನು ಯಾರು? ‘ಗೌಡನ ಮಾವಂ’ ಎಂದು ಅವರು ಓದಿದರು. ಹೆಸರಿಲ್ಲದ ಒಬ್ಬ ಮಾವ, ವಯಸ್ಸಾದವನು, ಅಳಿಯನ ಊರಿನ ದನಗಳಿಗಾಗಿ ಸತ್ತವನು. ಶಾಲೆಯ ವಾರ್ಷಿಕೋತ್ಸವಕ್ಕೆ ನಾವು ಆ ಕಥೆಯನ್ನು ನಾಟಕ ಮಾಡಿದೆವು. ನಾನೇ ಮಾವನಾಗಿದ್ದೆ, ಹತ್ತಿಯ ಬಿಳಿ ಮೀಸೆ ಅಂಟಿಸಿಕೊಂಡು ಸತ್ತಿದ್ದೆ.

2006ರಲ್ಲಿ, ನಾನು ಶಿವಮೊಗ್ಗೆಯಲ್ಲಿ ಕೆಲಸದಲ್ಲಿದ್ದಾಗ, ಅವರದೊಂದು ಅಂಚೆಕಾರ್ಡು ಬಂತು. ಅಕ್ಷರ ಅದೇ, ಗುಂಡಗೆ, ಹಲಗೆಯ ಮೇಲೆ ಬರೆದಂತೆ. ಕಾರ್ತಿಕದ ಒಂದು ರಾತ್ರಿ ಅವರು ಟಾರ್ಚು ತೆಗೆದುಕೊಂಡು ಹೋಗಿ, ಬೆಳಕನ್ನು ಎದುರಿನಿಂದ ಬಿಡದೆ ಕಲ್ಲಿನ ಮಗ್ಗುಲಿನಿಂದ ಸವರಿದಂತೆ ಬಿಟ್ಟು ನೋಡಿದ್ದರು. ಹಾಗೆ ಬಿಟ್ಟಾಗ ಸವೆದ ಗೆರೆಗೂ ನೆರಳು ಬೀಳುತ್ತದೆ, ಹಗಲಿನಲ್ಲಿ ಕಾಣದ ಗೀರು ಕಾಣುತ್ತದೆ. ಆ ಕಾಲದ ಲಿಪಿಯಲ್ಲಿ ಚಕಾರ, ವಕಾರಗಳು ಒಂದನ್ನೊಂದು ಬಹಳ ಹೋಲುತ್ತವೆ. ಸವೆದ ಕಲ್ಲಿನಲ್ಲಿ ಒಂದು ಸಣ್ಣ ಗೆರೆಯ ಅಂತರ ಅಷ್ಟೇ. ಕಾರ್ಡಿನಲ್ಲಿ ಹೀಗಿತ್ತು: ‘ನಿಮಗೆಲ್ಲ ತಪ್ಪು ಹೇಳಿಕೊಟ್ಟಿದ್ದೆ. ಅದು ಮಾವ ಅಲ್ಲ, ಮಾಚ. ಅವನಿಗೆ ಹೆಸರಿತ್ತು. ಹಿಂದೆ ಅಳಿದ ಜಾಗದಲ್ಲಿ ಮಗಂ ಎಂದಿರಬಹುದು. ಹಾಗಿದ್ದರೆ ಹುಡುಗ.’

ಅಂಥ ಕಾರ್ಡು ನನಗೊಬ್ಬನಿಗೇ ಬಂದದ್ದಲ್ಲ. ನಮ್ಮ ಶಾಲೆಯಲ್ಲಿ ಆ ಕಥೆ ಕೇಳಿದ, ತಮಗೆ ವಿಳಾಸ ಸಿಕ್ಕಿದ ಎಲ್ಲರಿಗೂ ಅವರು ಬರೆದಿದ್ದರು. ಬೆಂಗಳೂರಿನಲ್ಲಿದ್ದವರಿಗೆ, ಹುಬ್ಬಳ್ಳಿಯಲ್ಲಿದ್ದವರಿಗೆ, ಸೈನ್ಯದಲ್ಲಿದ್ದ ಒಬ್ಬನಿಗೆ. ವಿಳಾಸ ಸಿಗದವರ ಅಪ್ಪ ಅಮ್ಮಂದಿರ ಮನೆಗೆ ತಾವೇ ನಡೆದು ಹೋಗಿ ಹೇಳಿ ಬಂದಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ಅಕ್ಷರಕ್ಕಾಗಿ ಇಷ್ಟೆಲ್ಲ ಏಕೆ ಎಂದು ಕೇಳಿದವರಿಗೆ, ‘ಅವನು ದನ ಬಿಡಿಸಿಕೊಂಡು ಬಂದು ಸತ್ತ. ನಾವು ಅವನ ಹೆಸರನ್ನಾದರೂ ಸರಿಯಾಗಿ ಹೇಳಬೇಡವೇ?’ ಎಂದು ತಿರುಗಿ ಕೇಳಿದರಂತೆ. ಆ ಕಾರ್ಡು ಓದಿದ ಸಂಜೆ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನ್ನ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಮುದುಕನಾಗಿದ್ದವನು ಒಮ್ಮೆಲೇ ನನಗಿಂತ ಚಿಕ್ಕವನಾಗಿದ್ದ.

ಅಂದಿನಿಂದ ಅವರು ಒಂದು ನಿಯಮ ಮಾಡಿಕೊಂಡರು. ಸಂಶಯವಿಲ್ಲದ ಅಕ್ಷರಗಳನ್ನು ಮಾತ್ರ ಶಾಯಿಯಲ್ಲಿ ಬರೆಯುವುದು, ಉಳಿದುದೆಲ್ಲ ಪೆನ್ಸಿಲು, ಕಾಣದಿದ್ದ ಕಡೆ ಚುಕ್ಕಿ. ಹಳೆಯ ನೋಟುಬುಕ್ಕುಗಳನ್ನೆಲ್ಲ ಹೊರಗೆ ತೆಗೆದು, ಶಾಯಿಯಲ್ಲಿದ್ದ ಎಷ್ಟೋ ಸಾಲುಗಳನ್ನು ಪೆನ್ಸಿಲಿಗೆ ಇಳಿಸಿದರು. ಹಲ್ಮಿಡಿಯ ವಿಷಯದಲ್ಲಿಯೂ ಹೀಗೇ ಆಯಿತು. ಕನ್ನಡದ ಮೊದಲ ಶಾಸನ ಹಲ್ಮಿಡಿಯದು, ಸುಮಾರು ಕ್ರಿ.ಶ. 450 ಎಂದು ಅವರು ನಮಗೆ ಬಾಯಿಪಾಠ ಮಾಡಿಸಿದ್ದರು. 2013ರ ಉತ್ಖನನದಲ್ಲಿ ನಮ್ಮ ತಾಳಗುಂದದಲ್ಲಿಯೇ ಸಿಕ್ಕ ಸಿಂಹಕಟಾಂಜನ ಶಾಸನ, ಅಂದರೆ ಮೆಟ್ಟಿಲ ಬದಿಯ ಸಿಂಹದ ಕೆತ್ತನೆಯ ಮೇಲಿನ ಬರಹ, ಕ್ರಿ.ಶ. 370ರದೆಂದು ಪುರಾತತ್ವ ಇಲಾಖೆಯವರು ಗುರುತಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅವರು ನನಗೆ ಫೋನು ಮಾಡಿ, ‘450 ಎಂದು ಹೇಳಿದ್ದನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಇಟ್ಟುಕೋ’ ಎಂದರು. ದನಿಯಲ್ಲಿ ಸಂಭ್ರಮವಿತ್ತು. ತಾವು ಕಲಿಸಿದ್ದು ಸುಳ್ಳಾಗಬಹುದೆಂಬ ಸುದ್ದಿಗೆ ಅಷ್ಟು ಸಂತೋಷಪಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಎಪ್ಪತ್ತರ ಹೊತ್ತಿಗೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ, ಹಿಂದೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯ ತಾಳೆಗರಿಗಳನ್ನು ನೋಡಿ ಬಂದು, ಪಕ್ಕದ ಊರಿನ ವೃದ್ಧ ಪುರೋಹಿತರೊಬ್ಬರ ಬಳಿ ಆ ಲಿಪಿಯನ್ನು ಕಲಿಯತೊಡಗಿದರು. ಆ ಪುರೋಹಿತರು ತೀರಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಎಪ್ಪತ್ತಾರರಲ್ಲಿ ಮೊಮ್ಮಗಳು ಕೊಟ್ಟ ಮೊಬೈಲಿನಲ್ಲಿ ಕನ್ನಡ ಟೈಪು ಮಾಡಲು ಕಲಿತರು. ಒಂದು ಭಾನುವಾರ ನಾನು ಹೋದಾಗ, ಯೂನಿಕೋಡಿನಲ್ಲಿ ೞ, ಱ ಎರಡಕ್ಕೂ ಸ್ಥಾನ ಇದೆ ಎಂದು ಹೇಳಿ ಪರದೆಯ ಮೇಲೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆ ರಾತ್ರಿ ನನಗೂ, ಆ ಕೇರಳದ ಹುಡುಗಿಗೂ ಒಂದೇ ಪದದ ಸಂದೇಶ ಬಂದಿತ್ತು: ‘ಮೞೆ’. ಹೊರಗೆ ನಿಜವಾಗಿ ಮಳೆ ಬರುತ್ತಿತ್ತು.

ಅವರು ಹೋದದ್ದು 2023ರ ಶ್ರಾವಣದಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ. ಕೊನೆಯ ಎರಡು ವರ್ಷ ಕಣ್ಣು ಮಂಜಾಗಿತ್ತು, ಆದರೂ ಅಂಗಳದ ತುದಿಗೆ ಯಾರೋ ತಂದು ಇಟ್ಟಿದ್ದ ಒಂದು ತುಂಡುಗಲ್ಲನ್ನು ಬೆರಳಿನಿಂದ ತಡವುತ್ತ ಕುಳಿತಿರುತ್ತಿದ್ದರು ಎಂದು ಮನೆಯವರು ಹೇಳಿದರು. ಹದಿಮೂರನೆಯ ದಿನ ಅವರ ಮಗ ನನ್ನ ಕೈಗೆ ಕೊನೆಯ ನೋಟುಬುಕ್ಕನ್ನು ಕೊಟ್ಟರು. ಕಾನಿನೊಳಗೆ ಹೊಸದಾಗಿ ಸಿಕ್ಕ, ಯಾವ ಸಂಪುಟದಲ್ಲಿಯೂ ಇಲ್ಲದ ಒಂದು ಕಲ್ಲಿನ ಓದು ಅದರಲ್ಲಿತ್ತು. ಅಲ್ಲಿಗೆ ಅವರನ್ನು ಒಬ್ಬ ಹಳೆಯ ವಿದ್ಯಾರ್ಥಿ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ಮೂರು ಸಾಲುಗಳು, ಶಾಯಿಯಲ್ಲಿ ಕೆಲವೇ ಅಕ್ಷರ, ಪೆನ್ಸಿಲು ಹೆಚ್ಚು, ಚುಕ್ಕಿಗಳು ಇನ್ನೂ ಹೆಚ್ಚು. ನಾಲ್ಕನೆಯ ಸಾಲಿನ ಜಾಗದಲ್ಲಿ, ‘ಮಳೆ ನಿಂತ ಮೇಲೆ ನೋಡುವುದು’ ಎಂದು ಬರೆದಿದ್ದರು.

ನಾವು ನಾಲ್ವರು ಹಳೆಯ ವಿದ್ಯಾರ್ಥಿಗಳು ಕಾರ್ತಿಕದಲ್ಲಿ ಹೋದೆವು. ತೆಂಗಿನ ನಾರು, ತಂಬಿಗೆ, ಟಾರ್ಚು ತೆಗೆದುಕೊಂಡು ಹೋಗಿದ್ದೆವು. ಕಲ್ಲು ತೊಳೆದು, ಆರಲು ಬಿಟ್ಟು, ಕತ್ತಲಾಗುವವರೆಗೆ ಕಾದು, ಮಗ್ಗುಲಿನಿಂದ ಬೆಳಕು ಬಿಟ್ಟೆವು. ನಾಲ್ಕನೆಯ ಸಾಲಿನಲ್ಲಿ ನಮಗೆ ಹಿಡಿದದ್ದು ಎರಡೇ ಅಕ್ಷರ. ಮೊದಲನೆಯದು ‘ತು’, ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎರಡನೆಯದು ಚಕಾರವೋ ವಕಾರವೋ ಎಂದು ಬಹಳ ಹೊತ್ತು ಚರ್ಚೆಯಾಯಿತು, ಟಾರ್ಚಿನ ಸೆಲ್ಲು ಮುಗಿಯುತ್ತ ಬಂತು. ಅವರ ನೋಟುಬುಕ್ಕಿನಲ್ಲಿಯೇ, ಅವರ ಸಾಲಿನ ಕೆಳಗೆ, ಎರಡನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದೇವೆ.